ಕೀಮೋ ವಾಂತಿಗೆ ಗಾಂಜಾ ಹಾಲು ಕೊಡಬಹುದಾ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಕ್ಯಾನ್ಸರ್‌ಗೆ ಕೀಮೋ ನಡೀತಿದೆ. ಎರಡು ದಿನ ಬರೀ ವಾಂತಿ, ಅನ್ನ ಕಂಡರೆ ಆಗಲ್ಲ. ಹಿಂದೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತಗೋತಾರೆ. ಗಾಂಜಾ ಸೊಪ್ಪು ಅರೆದು ಹಾಲಲ್ಲಿ ಕೊಡಿ, ಕ್ಯಾನ್ಸರೇ ಹೋಗುತ್ತೆ ಅಂತ ಪಕ್ಕದ ತೋಟದವರು ಹೇಳ್ತಾರೆ. ಕೊಡಬಹುದಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೇಡ. ಆದರೆ ಪಕ್ಕದ ತೋಟದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಗಾಂಜಾದಲ್ಲಿ ಮತ್ತೇರಿಸುವ ಅಂಶವಾದ ಟಿಎಚ್‌ಸಿ ವಾಂತಿ ತಡೆಯುತ್ತದೆ. ಅದೇ ಜಾತಿಯ ಡ್ರೊನಾಬಿನಾಲ್, ನಾಬಿಲೋನ್ ಮಾತ್ರೆಗಳಿಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಅಲ್ಲೂ ಮಾಮೂಲಿ ಔಷಧಿ ಕೈಕೊಟ್ಟಾಗ ಮಾತ್ರ ಕೊಡುತ್ತಾರೆ. ಇನ್ನು ಕ್ಯಾನ್ಸರೇ ಹೋಗುತ್ತೆ ಅನ್ನೋದಕ್ಕೆ ರೋಗಿಗಳಲ್ಲಿ ಸಾಬೀತಾದ ಆಧಾರವಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ವಾರ್ಫರಿನ್. ಗಾಂಜಾ ಸೇರಿದರೆ ಲಿವರ್ ವಾರ್ಫರಿನ್ನನ್ನು ಬೇಗ ಕರಗಿಸುವುದಿಲ್ಲ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಲೆಕ್ಕ) ಏರಬಹುದು, ರಕ್ತ ಜಾಸ್ತಿ ತೆಳುವಾಗಬಹುದು. ಜೊತೆಗೆ ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬಚ್ಚಲುಮನೆ ಕಲ್ಲು ಹೇಗಿರುತ್ತೆ ಗೊತ್ತಲ್ವಾ? ಅಲ್ಲಿ ಜಾರಿ ತಲೆಗೆ ಪೆಟ್ಟಾದರೆ ಒಳಗೇ ರಕ್ತ ಸೋರಬಹುದು.

ಹಾಲಿನದ್ದು ಇನ್ನೊಂದು ತಾಪತ್ರಯ. ಹೊಟ್ಟೆಗೆ ಹೋದ ಗಾಂಜಾ ತಲೆಗೇರಲು ಒಂದೆರಡು ಗಂಟೆ ಬೇಕು. ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ಲೋಟ ಕೊಡುತ್ತಾರೆ. ಆಮೇಲೆ ಎರಡೂ ಸೇರಿ ಹಿಡಿಯುತ್ತವೆ. ಶಿವರಾತ್ರಿಗೆ ಭಂಗಿ ಕುಡಿದು ಮರುದಿನ ಎದೆ ಡವಡವ, ಜೀವವೇ ಹೋಗ್ತಿದೆ ಎಂದು ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಈ ಎರಡನೇ ಲೋಟದವರೇ. ಸೊಪ್ಪಿನಲ್ಲಿ ಟಿಎಚ್‌ಸಿ ಎಷ್ಟಿದೆ ಅಂತ ಅರೆಯುವವರಿಗೂ ಗೊತ್ತಿರಲ್ಲ. ಶುಂಠಿ ನಡುವೆ ಗುಟ್ಟಾಗಿ ಬೆಳೆದಿದ್ದಕ್ಕೆ ಯಾವ ಕೀಟನಾಶಕ ಹೊಡೆದಿದ್ದಾರೋ! ಲೈಸೆನ್ಸ್ ಇಲ್ಲದೆ ಗಿಡ ಬೆಳೆಸುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಡಿ ಅಪರಾಧ ಬೇರೆ.

ಹಾಗಾದರೆ ಏನು ಮಾಡೋದು? ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ಮಾತ್ರೆ ಬರೆದುಕೊಟ್ಟಿರಬೇಕು, ಅದನ್ನು ಯಾವಾಗ ಕೊಡುತ್ತಿದ್ದೀರಿ ನೋಡಿ. ತುಂಬ ಮನೆಗಳಲ್ಲಿ ವಾಂತಿ ಶುರುವಾದ ಮೇಲೆ ಕೊಡುತ್ತಾರೆ, ಅದೂ ವಾಂತಿಯಲ್ಲೇ ಹೋಗುತ್ತದೆ. ಮೊದಲೇ ಕೊಡಬೇಕು. ಸಾಲದಿದ್ದರೆ ಓಲಾನ್ಜಪಿನ್ ಸೇರಿಸಬಹುದಾ ಅಂತ ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಅದು ಮಾನಸಿಕ ಕಾಯಿಲೆಯ ಮಾತ್ರೆ ಅಂತ ಮೆಡಿಕಲ್ ಶಾಪಲ್ಲಿ ಹೇಳಿದರೆ ಗಾಬರಿಯಾಗಬೇಡಿ, ಕೀಮೋ ವಾಂತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಊಟಕ್ಕೆ ಒತ್ತಾಯ ಬೇಡ. ತಣ್ಣನೆ ಗಂಜಿ, ಸ್ವಲ್ಪ ಸ್ವಲ್ಪವೇ. ಒಗ್ಗರಣೆ ವಾಸನೆ ಅವರ ಕೋಣೆಗೆ ಹೋಗದಿರಲಿ.

ಈಗಾಗಲೇ ಒಂದು ಲೋಟ ಕೊಟ್ಟಾಗಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ತಕ್ಷಣ ಐಎನ್‌ಆರ್ ಮಾಡಿಸಿ. ವಸಡಲ್ಲಿ ರಕ್ತ, ಕಪ್ಪು ಮಲ ಕಂಡರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.