ವೈಪರ್ ಅಲುಗದಿದ್ದರೆ ಮೋಟಾರನ್ನೇ ಮೊದಲು ದೂರಬೇಡಿ

ಪ್ರಶ್ನೆ: ಮನೆಯ ಹಳೆಯ ಮಾರುತಿ 800 ಮೂರು ವರ್ಷ ರೇಷ್ಮೆ ಹುಳುಮನೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಹೊಸ ಬ್ಯಾಟರಿ ಹಾಕಿದ ಮೇಲೆ ಎಂಜಿನ್ ಸ್ಟಾರ್ಟ್ ಆಯಿತು. ವೈಪರ್ ಸ್ವಿಚ್ ಹಾಕಿದರೆ ‘ಗುಂಯ್’ ಅನ್ನುತ್ತದೆ, ಕೈಗಳು ಏಳುವುದಿಲ್ಲ. ಎರಡನೇ ಸಲ ಫ್ಯೂಸೇ ಹೋಯಿತು. ಮೋಟಾರ್ ಬದಲಿಸಬೇಕು ಅನ್ನುತ್ತಾರೆ. ನಿಜವೇ?
– ಓದುಗರು, ಶಿಡ್ಲಘಟ್ಟ

ಉತ್ತರ: ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ. ಸದ್ದು ಬರುತ್ತಿದೆ ಎಂದರೆ ಮೋಟಾರಿಗೆ ಕರೆಂಟ್ ತಲುಪುತ್ತಿದೆ, ಆದರೆ ಏನೋ ಅದನ್ನು ಹಿಡಿದು ನಿಲ್ಲಿಸಿದೆ. ತಿರುಗಲಾಗದ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಫ್ಯೂಸ್ ಸುಟ್ಟಿದ್ದು ಅದಕ್ಕೇ. ದೊಡ್ಡ ಆಂಪಿಯರಿನ ಫ್ಯೂಸನ್ನೋ ತಂತಿಯನ್ನೋ ಹಾಕಿದರೆ ಮುಂದಿನ ಸಲ ಮೋಟಾರಿನೊಳಗಿನ ತಂತಿಸುತ್ತು, ಅಂದರೆ ವೈಂಡಿಂಗೇ ಸುಡುತ್ತದೆ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಬರೆದಿರುವ ರೇಟಿಂಗನ್ನೇ ಹಾಕಿ.

ಇಂಥ ಕಾರುಗಳಲ್ಲಿ ಹೆಚ್ಚಾಗಿ ಹಿಡಿದುಕೊಳ್ಳುವುದು ಗಾಜಿನ ಬುಡದಲ್ಲಿ ಹೊರಬರುವ, ವೈಪರ್ ಕೈಗಳು ಕೂರುವ ಎರಡು ಸ್ಪಿಂಡಲ್‌ಗಳು. ಗ್ರೀಸ್ ಒಣಗಿ, ಧೂಳು ಸೇರಿ, ಉಕ್ಕಿನ ಸ್ಪಿಂಡಲ್ ಅದು ಕೂರುವ ಕೊಳವೆಯೊಳಗೆ ತುಕ್ಕು ಕಟ್ಟುತ್ತದೆ. ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವ ಕಡೆ ಲೋಹಕ್ಕೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಕಾರನ್ನು ಅಲ್ಲಿಂದ ಬೇರೆ ಕಡೆ ನಿಲ್ಲಿಸುವುದೇ ಒಳ್ಳೆಯದು.

ಬ್ಯಾಟರಿಯ ನೆಗೆಟಿವ್ ಕಳಚಿ. ಲಿಂಕೇಜ್ (ಮೋಟಾರನ್ನು ಸ್ಪಿಂಡಲ್‌ಗಳಿಗೆ ಕೂಡಿಸುವ ಸರಳುಗಳು) ಒಳಗೆ ಕೈಯಿಟ್ಟಾಗ ಮೋಟಾರ್ ತಿರುಗಿದರೆ ಬೆರಳು ಜಜ್ಜಿಹೋಗುತ್ತದೆ. ಬ್ಲೇಡಿನ ರಬ್ಬರ್ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಸೋಪುನೀರು ಬಿಟ್ಟು ಮೆಲ್ಲಗೆ ಎತ್ತಿ. ವೈಪರ್ ಕೈಯ ಬುಡದ ನಟ್ಟನ್ನು ಎರಡು ಸುತ್ತು ಸಡಿಲಿಸಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಕೈಯನ್ನು ಆ ಕಡೆ ಈ ಕಡೆ ಅಲುಗಾಡಿಸಿ ಬಿಡಿಸಿ. ಸ್ಕ್ರೂಡ್ರೈವರನ್ನು ಗಾಜಿಗೆ ಆನಿಸಿ ಎತ್ತಲು ಹೋದರೆ ಗಾಜೇ ಬಿರುಕು ಬಿಡುತ್ತದೆ.

ಈಗ ಮುಖ್ಯ ಪರೀಕ್ಷೆ. ಲಿಂಕೇಜ್ ಮೋಟಾರಿಗೆ ಕೂಡಿಕೊಂಡಿರುವಾಗ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಪ್ರಯೋಜನವಿಲ್ಲ. ಮೋಟಾರಿನ ವರ್ಮ್ ಗೇರ್ (ಸ್ಕ್ರೂವಿನಂಥ ಗೇರ್) ಹಿಂದಕ್ಕೆ ತಿರುಗುವುದಿಲ್ಲ, ಹಾಗಾಗಿ ಎಲ್ಲವೂ ಬಿಗಿಯಾಗಿಯೇ ಕಾಣುತ್ತದೆ. ಮೋಟಾರಿನ ಕ್ರ್ಯಾಂಕ್ (ಮೋಟಾರ್ ತಿರುಗಿಸುವ ಗಿಡ್ಡ ಪಟ್ಟಿ) ನಿಂತಿರುವ ಜಾಗಕ್ಕೆ ಮಾರ್ಕರ್ ಗುರುತು ಹಾಕಿ, ಲಿಂಕ್ ಸರಳನ್ನು ಕ್ರ್ಯಾಂಕಿನ ಬಾಲ್ ಜಾಯಿಂಟಿನಿಂದ ಬಿಡಿಸಿ. ಕ್ರ್ಯಾಂಕಿನ ನಟ್ ಮುಟ್ಟಬೇಡಿ, ಅದು ಜಾಗ ತಪ್ಪಿದರೆ ವೈಪರ್ ಎಲ್ಲೆಂದರಲ್ಲಿ ನಿಲ್ಲುತ್ತದೆ. ಬ್ಯಾಟರಿ ಕೂಡಿಸಿ ಸ್ವಿಚ್ ಹಾಕಿ. ಮೋಟಾರ್ ಎರಡೂ ವೇಗದಲ್ಲಿ ಸಲೀಸಾಗಿ ತಿರುಗಿದರೆ ಅದರಲ್ಲಿ ದೋಷವಿಲ್ಲ. ಹೊಸದಕ್ಕೆ ದುಡ್ಡು ಸುರಿಯಬೇಕಿಲ್ಲ.

ಬ್ಯಾಟರಿಯನ್ನು ಮತ್ತೆ ಕಳಚಿ ಸ್ಪಿಂಡಲ್‌ಗಳನ್ನು ಒಂದೊಂದಾಗಿ ತಿರುಗಿಸಿ. ಎರಡು ಬೆರಳಿಗೆ ತಿರುಗಬೇಕು. ಬಿಗಿಯಿದ್ದರೆ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಂಕಿ ತೋರಿಸಬೇಡಿ, ಪ್ಲಾಸ್ಟಿಕ್ ಬುಷ್ ಕರಗುತ್ತದೆ. ಸ್ಪಿಂಡಲ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಉಂಗುರ ಇದ್ದರೆ ಅದನ್ನು ತೆಗೆದು ಸ್ಪಿಂಡಲ್ ಎಳೆದು, 400 ನಂಬರಿನ ಎಮರಿ ಕಾಗದದಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಲಿಥಿಯಂ ಗ್ರೀಸ್ ಸವರಿ ಕೂಡಿಸಿ. ಬರೀ ಸ್ಪ್ರೇಯಲ್ಲೇ ಮುಗಿಸಿಬಿಡುವವರೇ ಜಾಸ್ತಿ. ಅದು ತುಕ್ಕು ಬಿಡಿಸುತ್ತದೆ, ಗ್ರೀಸಿನ ಕೆಲಸ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ಮತ್ತೆ ಹಿಡಿಯುತ್ತದೆ. ರಿವೆಟ್ ಹೊಡೆದ ಸ್ಪಿಂಡಲ್ ಆದರೆ ಲಿಂಕೇಜ್ ಸೆಟ್ಟನ್ನೇ ಬದಲಿಸಿ.

ಲಿಂಕೇಜ್ ಬಿಡಿಸಿದ ಮೇಲೂ ಮೋಟಾರ್ ಬರೀ ಗುಂಯ್‌ಗುಡುತ್ತಿದ್ದರೆ ಗೇರ್ ಮುಚ್ಚಳ ತೆಗೆದು ನೋಡಿ. ಮೇಣದಂತೆ ಗಟ್ಟಿಯಾದ ಗ್ರೀಸನ್ನು ಕೆರೆದು ಹೊಸದು ತುಂಬಿ. ಒಳಗೆ ಅಂಟಿಸಿದ ಮ್ಯಾಗ್ನೆಟ್ ಕಳಚಿ ತಿರುಗುವ ಭಾಗವಾದ ಆರ್ಮೇಚರಿಗೆ ಸಿಕ್ಕಿದ್ದರೆ ಬೇರೆ ಮೋಟಾರ್ ಬೇಕು.

ಪ್ರಶ್ನೆ: ಆಫ್ ಮಾಡಿದರೆ ವೈಪರ್ ಕೆಳಗಿಳಿಯದೆ ಗಾಜಿನ ನಡುವೆಯೇ ನಿಲ್ಲುತ್ತದೆ. ಎರಡೂ ಸ್ಪೀಡ್ ಚೆನ್ನಾಗಿವೆ. ಕಾರು ಒಂದೂವರೆ ವರ್ಷ ಓಡಿಲ್ಲ.
– ಓದುಗರು, ತಿಪಟೂರು

ಉತ್ತರ: ಸ್ವಿಚ್ ಆಫ್ ಮಾಡಿದ ಮೇಲೂ ಕೈಗಳು ಕೆಳಗೆ ಬರುವ ತನಕ ಮೋಟಾರಿಗೆ ಕರೆಂಟ್ ಕೊಡುವುದು ಪಾರ್ಕಿಂಗ್ ಕಾಂಟ್ಯಾಕ್ಟ್. ಸಾಮಾನ್ಯವಾಗಿ ಅದು ಮೋಟಾರಿನ ಗೇರ್ ಮುಚ್ಚಳದೊಳಗಿರುತ್ತದೆ. ಇಗ್ನಿಷನ್ ಆನ್, ವೈಪರ್ ಆಫ್ ಇಟ್ಟು ಮೋಟಾರ್ ಕನೆಕ್ಟರಿನ ತಂತಿಗಳನ್ನು ಮಲ್ಟಿಮೀಟರಿನಲ್ಲಿ ನೋಡಿ. ಒಂದರಲ್ಲಿ 12 ವೋಲ್ಟ್ ಸಿಗಲೇಬೇಕು. ಸಿಗದಿದ್ದರೆ ವೈರಿಂಗ್ ಹುಡುಕಿ. ನಿಂತ ಕಾರಿನಲ್ಲಿ ಇಲಿ ಕಡಿದಿರುವುದು ಸಾಮಾನ್ಯ. ಸಿಕ್ಕಿದರೆ ಮುಚ್ಚಳ ತೆಗೆದು, ತಾಮ್ರದ ಪಟ್ಟಿಯನ್ನು 600 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ, ತಗಡಿನ ನಾಲಗೆ ಪಟ್ಟಿಗೆ ತಾಗುವಷ್ಟು ಬಾಗಿಸಿ. ದಿನಾ ಒಂದೇ ತಪ್ಪು ಜಾಗದಲ್ಲಿ ನಿಲ್ಲುವುದಾದರೆ ಕಾಂಟ್ಯಾಕ್ಟ್ ಸರಿಯಿದೆ, ವೈಪರ್ ಕೈಯನ್ನು ಸ್ಪಿಂಡಲಿನ ತಪ್ಪು ಹಲ್ಲಿಗೆ ಕೂಡಿಸಿದ್ದಾರೆ.

ಪ್ರಶ್ನೆ: ವಾಷರ್ ಮೋಟಾರ್ ಸದ್ದು ಮಾಡುತ್ತದೆ, ನೀರು ಚಿಮ್ಮುವುದಿಲ್ಲ. ಹೊಸ ಬ್ಲೇಡ್ ಹಾಕಿದರೂ ಗಾಜಿನ ಮೇಲೆ ಗೆರೆ.
– ಓದುಗರು, ಮುಳಬಾಗಿಲು

ಉತ್ತರ: ನಮ್ಮ ಕಡೆಯ ಬೋರ್‌ವೆಲ್ ನೀರು ಡಬ್ಬಿಯಲ್ಲಿ ಒಣಗಿದರೆ ನಾಝಲ್‌ಗೆ ಸುಣ್ಣ ಕಟ್ಟುತ್ತದೆ. ಪೈಪನ್ನು ನಾಝಲ್ ಬುಡದಲ್ಲಿ ಕಳಚಿ ಪಂಪ್ ಒತ್ತಿ. ನೀರು ಬಂದರೆ ನಾಝಲ್ ಕಟ್ಟಿದೆ. ಬಿಳಿ ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ ಸಣ್ಣ ಸೂಜಿಯಿಂದ ಬಿಡಿಸಿ. ಬಾರದಿದ್ದರೆ ಪೈಪ್ ಬಿರಿದಿರಬಹುದು, ಇಲ್ಲವೆ ಡಬ್ಬಿಯ ತಳದ ಜಾಲರಿ ಕಟ್ಟಿರಬಹುದು. ಪಂಪನ್ನು ನೀರಿಲ್ಲದೆ ಓಡಿಸಬೇಡಿ. ಇನ್ನು ಮುಂದೆ ಆರ್‌ಒ ನೀರನ್ನೇ ತುಂಬಿ.

ಗೆರೆಗೆ ಗಾಜಿನ ಮೇಲಿನ ಕೊಳೆ ಕಾರಣವಿರಬಹುದು. ಸೋಪುನೀರಿನಲ್ಲಿ ತೊಳೆದ ಮೇಲೂ ಹೋಗದಿದ್ದರೆ ವೈಪರ್ ಕೈ ತಿರುಚಿಕೊಂಡಿದೆಯೇ ನೋಡಿ. ಗಾಜಿನ ನಡುವೆ ರಬ್ಬರ್ ನೆಟ್ಟಗೆ ನಿಂತಿರಬೇಕು. ವಾಲಿದ್ದರೆ ಹೋಗುವಾಗ ಒರೆಸಿ, ಬರುವಾಗ ಕುಪ್ಪಳಿಸುತ್ತದೆ. ಬ್ಲೇಡ್ ತೆಗೆದು, ಕೈಯ ತುದಿಯನ್ನು ಎರಡು ಸ್ಪ್ಯಾನರ್ ಹಿಡಿದು ಸ್ವಲ್ಪವೇ ತಿರುಚಿ ಸರಿಮಾಡಿ.