ಕ್ಯಾಲಿಪ್ಸೊ ರೋಸ್ ಬರೀ ಕುಣಿತದ ಹಾಡುಗಾರ್ತಿಯಲ್ಲ
ಕೆರಿಬಿಯನ್ ಗಾಯಕಿ ಕ್ಯಾಲಿಪ್ಸೊ ರೋಸ್ ಹೆಣ್ಣುಮಕ್ಕಳ ಪರವಾಗಿ ನಿಜಕ್ಕೂ ಹಾಡಿದ್ದಾರಾ, ಯಾವ ಹಾಡಿನಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಹಾಡಿದ್ದಾರೆ. ‘ನೋ ಮೇಡಂ’ನಲ್ಲಿ ಮನೆಗೆಲಸದ ಹೆಂಗಸರ ಪಾಡಿದೆ. ಕೆರಿಬಿಯನ್ ದ್ವೀಪ ಟೊಬೇಗೊದಲ್ಲಿ 1940ರಲ್ಲಿ ಹುಟ್ಟಿದ ಇವರು, ಗಂಡಸರದ್ದೇ ಕಾರುಬಾರಾಗಿದ್ದ ಕ್ಯಾಲಿಪ್ಸೊ (ಅಲ್ಲಿನ ಜನಪ್ರಿಯ ಹಾಡಿನ ಶೈಲಿ) ಕಣಕ್ಕಿಳಿದು 1978ರಲ್ಲಿ ಟ್ರಿನಿಡಾಡ್‌ನ ‘ಕ್ಯಾಲಿಪ್ಸೊ ಕಿಂಗ್’ ಸ್ಪರ್ಧೆ ಗೆದ್ದಾಗ ಬಿರುದನ್ನೇ ‘ಮೊನಾರ್ಕ್’ (ಹೆಣ್ಣಿಗೂ ಗಂಡಿಗೂ ಸಲ್ಲುವ ಪದ) ಅಂತ ಬದಲಿಸಬೇಕಾಯಿತು! ನನಗಂತೂ ಇದು ಯಾವ ಪ್ರಶಸ್ತಿಗಿಂತಲೂ ದೊಡ್ಡದು.

ನೀವು ಮೊದಲು ‘ಲೀವ್ ಮಿ ಅಲೋನ್’ ಕೇಳಿ. 2016ರ ‘ಫಾರ್ ಫ್ರಮ್ ಹೋಮ್’ ಆಲ್ಬಮ್‌ನದ್ದು, ಫ್ರೆಂಚ್-ಸ್ಪ್ಯಾನಿಷ್ ಗಾಯಕ ಮನು ಚಾವೋ ಜತೆ ಮಾಡಿದ್ದು. ಹಳೇ ಕ್ಯಾಲಿಪ್ಸೊಗೆ ಬೇರೆ ನಾಡಿನ ಲಯ ಎಷ್ಟು ಹದವಾಗಿ ಬೆರೆತಿದೆ ನೋಡಿ. ಕಾರ್ನಿವಲ್ ಅನ್ನೋ ಬೀದಿ ಹಬ್ಬದಲ್ಲಿ ಕುಣಿಯೋಕೆ ಹೊರಟ ಹೆಣ್ಣು, ನನ್ನ ಪಾಡಿಗೆ ನನ್ನನ್ನು ಬಿಡು ಅಂತ ಗಂಡಿಗೆ ನೇರವಾಗಿ ಹೇಳ್ತಾಳೆ. ಎಪ್ಪತ್ತು ದಾಟಿದ ದನಿಯಲ್ಲಿ ಅದನ್ನು ಕೇಳಬೇಕು.