ಕೋಟಿ ವರ್ಷದ ಹಿಂದಿನ ಭೂಪಟ ನಂಬಬಹುದಾ?

ಪ್ರಶ್ನೆ: ಕೋಟಿಗಟ್ಟಲೆ ವರ್ಷಗಳ ಹಿಂದಿನ ಹವಾಮಾನವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತಾರಂತೆ. ಆಗ ಖಂಡಗಳೇ ಬೇರೆ ಕಡೆ ಇದ್ದವಲ್ವಾ? ಆ ಭೂಪಟ ಎಲ್ಲಿಂದ ತರುತ್ತಾರೆ? ಅದನ್ನು ನಂಬಬಹುದಾ?
— ಓದುಗರೊಬ್ಬರು, ವಿಜಯಪುರ

ಉತ್ತರ: ಸ್ವಲ್ಪ ಭಾಗ ಗಟ್ಟಿ, ಸ್ವಲ್ಪ ಭಾಗ ಅಂದಾಜು. ಗಟ್ಟಿ ಭಾಗದ ಸಾಕ್ಷಿ ನಿಮ್ಮ ಕಾಲ ಕೆಳಗೇ ಇದೆ. ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲು ಬಸಾಲ್ಟ್, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಹರಿದ ಲಾವಾ. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕು ಸಮಭಾಜಕ ವೃತ್ತದ ಹತ್ತಿರ ನೆಲಕ್ಕೆ ಮಟ್ಟವಾಗಿ, ಧ್ರುವದ ಹತ್ತಿರ ಹೆಚ್ಚುಕಡಿಮೆ ನೆಟ್ಟಗೆ ಇರುತ್ತದೆ, ಹಾಗಾಗಿ ಅದರ ಓರೆ ಅಳೆದರೆ ಅಕ್ಷಾಂಶ ಸಿಗುತ್ತದೆ. (ಕಿತ್ತು ತಂದು ಕಟ್ಟಿದ ಕಲ್ಲಲ್ಲಿ ಇದನ್ನು ಅಳೆಯಲು ಆಗದು, ನೆಲದಲ್ಲೇ ಇರುವ ಬಂಡೆ ಬೇಕು.) ದಖನ್ ಬಂಡೆಗಳನ್ನು ಅಳೆದಾಗ ನಮ್ಮ ನೆಲ ಆಗ ಸಮಭಾಜಕ ವೃತ್ತದ ದಕ್ಷಿಣಕ್ಕಿತ್ತು ಅಂತ ತಿಳಿಯಿತು.

ಪೂರ್ವ-ಪಶ್ಚಿಮ ಮಾತ್ರ ಇದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಸಮುದ್ರತಳ ನೋಡಬೇಕು. ಅಲ್ಲಿ ಹೊಸ ತಳ ಹುಟ್ಟುವ ಏಣಿನ (ಸಮುದ್ರದೊಳಗಿನ ಬೆಟ್ಟಸಾಲಿನ) ಎರಡೂ ಕಡೆ, ಭೂಕಾಂತ ಆಗಾಗ ತಿರುಗುಮುರುಗಾದ ಗುರುತಾಗಿ ಕಾಂತದ ಪಟ್ಟೆಗಳಿವೆ, ಎಳೆಯ ಪಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದರೆ ಖಂಡಗಳು ಹಿಂದಕ್ಕೆ ಸರಿದು ಹಳೇ ಜಾಗಕ್ಕೆ ಬರುತ್ತವೆ. ಆದರೆ 20 ಕೋಟಿ ವರ್ಷಕ್ಕಿಂತ ಹಳೆಯ ತಳ ಬಹುಪಾಲು ಭೂಮಿಯೊಳಗೆ ಹೋಗಿಬಿಟ್ಟಿದೆ.

ನಿಜವಾದ ಕಷ್ಟ ಬೆಟ್ಟದ ಎತ್ತರ ಮತ್ತು ಜಲಸಂಧಿಗಳದ್ದು. ಭೂಪಟದ ಸಂಗತಿಗಳಲ್ಲಿ ಹವಾಮಾನವನ್ನು ಜಾಸ್ತಿ ಅಲುಗಾಡಿಸಬಲ್ಲವು ಇವು, ಇವೇ ನಮಗೆ ಕಡಿಮೆ ಗೊತ್ತಿರುವುದು. ಟಿಬೆಟ್ ಯಾವಾಗ ಎಷ್ಟು ಎತ್ತರ ಇತ್ತು ಅಂತ ಹಳೇ ಮಳೆನೀರಿನ ಆಮ್ಲಜನಕದ ಗುರುತು ಹಿಡಿದು ಲೆಕ್ಕ ಹಾಕಿದರೆ ಒಂದು ಉತ್ತರ, ಎಲೆಗಳ ಪಳೆಯುಳಿಕೆ ನೋಡಿದರೆ ಇನ್ನೊಂದು. ಹಳೇ ಕಾಲದ ಮುಂಗಾರು ಮಳೆಯ ಲೆಕ್ಕ ಬಹುಮಟ್ಟಿಗೆ ಇದರ ಮೇಲೆ ನಿಂತಿದೆ!

ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾ ನಡುವಿನ ಡ್ರೇಕ್ ಜಲಸಂಧಿ ತೆರೆದದ್ದು ಯಾವಾಗ ಅನ್ನುವುದರಲ್ಲಿ ಕೋಟಿ ವರ್ಷಕ್ಕೂ ಮೀರಿದ ಭಿನ್ನಾಭಿಪ್ರಾಯವಿದೆ. ಸುಮಾರು 3.4 ಕೋಟಿ ವರ್ಷದ ಹಿಂದೆ ಅಂಟಾರ್ಕ್ಟಿಕಾ ಹಿಮ ಹೊದ್ದುಕೊಂಡದ್ದು ಈ ಬಾಗಿಲು ತೆರೆದದ್ದರಿಂದಲೇ ಅಂತ ತುಂಬಾ ಜನ ನಂಬಿದ್ದರು. 2003ರಲ್ಲಿ ಹವಾಮಾನ ವಿಜ್ಞಾನಿಗಳಾದ ರಾಬರ್ಟ್ ಡಿಕಾಂಟೊ, ಡೇವಿಡ್ ಪೊಲಾರ್ಡ್ ಇಬ್ಬರೂ ಕಂಪ್ಯೂಟರ್‌ನಲ್ಲಿ ಬಾಗಿಲು ಮುಚ್ಚಿಯೂ ತೆರೆದೂ ಲೆಕ್ಕ ಹಾಕಿದರು. ಇಂಗಾಲದ ಡೈಆಕ್ಸೈಡ್ ಇಳಿದದ್ದೇ ದೊಡ್ಡ ಕಾರಣ, ಬಾಗಿಲಿನ ಪಾಲು ಚಿಕ್ಕದು ಅಂತ ಬಂತು. ನನಗೆ ಇದು ತುಂಬಾ ಹಿಡಿಸಿದ ಕ್ರಮ. ಗೊತ್ತಿಲ್ಲದ್ದನ್ನು ಸುಮ್ನೆ ಒಂದು ರೀತಿ ಎಳೆದು ಮುಗಿಸದೆ, ಎರಡೂ ರೀತಿ ಮಾಡಿ ನೋಡಿದರು.

ಈಗ ಡೀಪ್‌ಮಿಪ್ ಅನ್ನುವ, ಹಳೇ ಕಾಲದ ಹವಾಮಾನದ ಕಂಪ್ಯೂಟರ್ ಮಾದರಿಗಳನ್ನು ಹೋಲಿಸುವ ಯೋಜನೆಯಲ್ಲಿ ಹಲವು ದೇಶಗಳ ತಂಡಗಳು ಸುಮಾರು 5 ಕೋಟಿ ವರ್ಷದ ಹಿಂದಿನ ಕಾಲಕ್ಕೆ ಹೆಚ್ಚುಕಡಿಮೆ ಒಂದೇ ಭೂಪಟ ಬಳಸುತ್ತವೆ. ಮಾದರಿಗಳನ್ನು ಹೋಲಿಸಲು ಅದು ಬೇಕು. ಆದರೆ ಭೂಪಟದಲ್ಲೇ ತಪ್ಪಿದ್ದರೆ ಎಲ್ಲರ ಉತ್ತರದಲ್ಲೂ ಅದೇ ತಪ್ಪು ಇರುತ್ತದೆ. ಹಾಗಾಗಿ ಇಂಥ ವರದಿ ಕಂಡಾಗ, ಎರಡನೇ ಭೂಪಟ ಹಾಕಿ ನೋಡಿದ್ದಾರಾ ಅಂತ ಮೊದಲು ಹುಡುಕಿ.